ವಿಕಿರಣಶೀಲ ಔಷಧಿಯ ಪೆಟ್ಟಿಗೆಯನ್ನು ವಿಮಾನಕ್ಕೆ ಹತ್ತಿಸುವುದು ಹೇಗೆ

ಪೆಟ್ಟಿಗೆ ಕಟ್ಟುವ ಕೆಲಸಕ್ಕೆ ನಾನು ಸೇರಿ ಹದಿನಾಲ್ಕು ವರ್ಷ ಆಯಿತು. ಆಸ್ಪತ್ರೆಗಳಿಗೆ ಹೋಗುವ ಅಯೋಡಿನ್, ಟೆಕ್ನೀಷಿಯಂ ಜನರೇಟರ್ (ಒಳಗಿನ ಮಾಲಿಬ್ಡಿನಂ ಕರಗುತ್ತಾ ಸ್ಕ್ಯಾನ್‌ಗೆ ಬೇಕಾದ ಟೆಕ್ನೀಷಿಯಂ ಕೊಡುವ ಡಬ್ಬಿ), ಸಂಶೋಧನಾಲಯಗಳಿಗೆ ಹೋಗುವ ಫಾಸ್ಫರಸ್, ಟ್ರಿಟಿಯಂ ಎಲ್ಲವೂ ನಮ್ಮ ಮೇಜಿನ ಮೇಲಿಂದಲೇ ಹೊರಡುತ್ತವೆ. ಮೊದಲ ವಾರ ನನಗೆ ಕೆಲಸ ಕಲಿಸಿದ ಹಿರಿಯರು ಒಂದು ಪೆಟ್ಟಿಗೆ ತೋರಿಸಿ ಕೇಳಿದರು, "ನೋಡಮ್ಮ, ನಿನ್ನ ನಂತರ ಇದನ್ನ ಎಷ್ಟು ಜನ ಎತ್ತುತ್ತಾರೆ?" ಇಬ್ಬರು ಅಂದೆ. ಅವರು ಬೆರಳು ಮಡಚುತ್ತಾ ಎಣಿಸಿದರು. ವ್ಯಾನ್ ಡ್ರೈವರ್, ಕಾರ್ಗೋ ಕೌಂಟರಿನವರು, ಗೋದಾಮಿನವರು, ವಿಮಾನಕ್ಕೆ ಲೋಡ್ ಮಾಡುವವರು, ಇಳಿಸುವವರು, ಕಸ್ಟಮ್ಸ್‌ನವರು, ಆ ಕಡೆಯ ಡ್ರೈವರ್. "ಇವರಲ್ಲಿ ಒಬ್ಬರ ಕೈಲೂ ವಿಕಿರಣ ಅಳೆಯೋ ಮೀಟರ್ ಇರಲ್ಲ. ನೀನು ಬರೆದ ಲೇಬಲ್ಲೇ ಅವರಿಗೆ ಮೀಟರ್."

ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ ನಾನು ಹೇಳಿಕೊಡುವುದೆಲ್ಲ ಆ ಮಾತಿನಿಂದಲೇ ಶುರುವಾಗುತ್ತದೆ. ಇಲ್ಲಿ ಬರೆದಿರುವುದೂ ಅದನ್ನೇ. ಇದನ್ನು ಓದಿದ ಮಾತ್ರಕ್ಕೆ ಪೆಟ್ಟಿಗೆಗೆ ಸಹಿ ಹಾಕಲು ಆಗುವುದಿಲ್ಲ. ಅದಕ್ಕೆ ಅಪಾಯಕಾರಿ ಸರಕಿನ ತರಬೇತಿ ಪಡೆದಿರಬೇಕು, 24 ತಿಂಗಳಿಗೊಮ್ಮೆ ಅದನ್ನು ಮತ್ತೆ ಮಾಡಿಕೊಳ್ಳಬೇಕು. ಆದರೆ ತರಬೇತಿಯಲ್ಲಿ ಕೂತಾಗ ಯಾವುದು ಯಾಕೆ ಅನ್ನುವುದು ಗೊತ್ತಿದ್ದರೆ ನಿಯಮ ತಲೆಗೆ ಹತ್ತುತ್ತದೆ.

ಯಾವ ಪುಸ್ತಕ ನೋಡಬೇಕು

ನಿಯಮಗಳ ಬೇರು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ, ಅಂದರೆ ಐಎಇಎಯಲ್ಲಿದೆ. ಅವರ ಸಾಗಣೆ ನಿಯಮಗಳು ಮೊದಲು ಬಂದದ್ದು 1961ರಲ್ಲಿ. ಆಮೇಲೆ ಹಲವು ಸಲ ತಿದ್ದುಪಡಿಯಾಗಿ, ಎಸ್ಎಸ್ಆರ್-6 ಹೆಸರಿನಲ್ಲಿ 2018ರ ಆವೃತ್ತಿ ಬಂತು. ಅದನ್ನೇ ವಿಮಾನಕ್ಕೆ ಹೊಂದಿಸಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಐಸಿಎಒ ತನ್ನ ತಾಂತ್ರಿಕ ಸೂಚನೆಗಳಲ್ಲಿ ಇಟ್ಟಿದೆ. ನಾವು ದಿನಾ ಮೇಜಿನ ಮೇಲೆ ತೆರೆದಿಡುವುದು ವಿಮಾನ ಕಂಪನಿಗಳ ಒಕ್ಕೂಟ ಐಯಾಟಾದ ಅಪಾಯಕಾರಿ ಸರಕಿನ ಕೈಪಿಡಿ. ಅದು ಪ್ರತಿ ವರ್ಷ ಹೊಸದಾಗಿ ಬರುತ್ತದೆ. ಹಳೆಯದನ್ನು ಕಪಾಟಿನಲ್ಲಿ ಕೂಡ ಇಡಬೇಡಿ. ಅವಸರದಲ್ಲಿ ಕೈಗೆ ಸಿಗುವುದು ಅದೇ.

ಆ ಕೈಪಿಡಿಯಲ್ಲಿ ಜನ ಮರೆಯುವ ಭಾಗ ಒಂದಿದೆ. ದೇಶಗಳೂ ವಿಮಾನ ಕಂಪನಿಗಳೂ ತಮ್ಮದೇ ಬಿಗಿ ಷರತ್ತು ಹಾಕಿಕೊಂಡಿರುವ ಪಟ್ಟಿ ಅದು. ಉದಾಹರಣೆಗೆ ಅಮೆರಿಕದಲ್ಲಿ ಪ್ರಯಾಣಿಕರ ವಿಮಾನದಲ್ಲಿ ವಿಕಿರಣಶೀಲ ವಸ್ತು ಕಳಿಸಬೇಕಾದರೆ ಅದು ವೈದ್ಯಕೀಯ ಅಥವಾ ಸಂಶೋಧನೆಯ ಬಳಕೆಗೇ ಇರಬೇಕು, ಒಂದು ಪೆಟ್ಟಿಗೆಯ ಟಿಐ 3 ಮೀರಬಾರದು. ಟಿಐ ಅಂದರೆ ಏನು ಅಂತ ಮುಂದೆ ಹೇಳುತ್ತೇನೆ. ದಾರಿಯಲ್ಲಿ ಬರುವ ಪ್ರತಿ ದೇಶ, ಪ್ರತಿ ಕಂಪನಿಯ ಷರತ್ತನ್ನೂ ಪೆಟ್ಟಿಗೆ ಕಟ್ಟುವ ಮೊದಲೇ ಓದಬೇಕು. ಕೆಲವು ಕಂಪನಿಗಳು ಏಳನೇ ವರ್ಗದ ಸರಕು, ಅಂದರೆ ವಿಕಿರಣಶೀಲ ವಸ್ತುವನ್ನು ಮುಟ್ಟುವುದೇ ಇಲ್ಲ. ಕಟ್ಟಿದ ಮೇಲೆ ಇದು ಗೊತ್ತಾದರೆ ಅರ್ಧ ದಿನ ಹೋಯಿತು ಅಂತಲೇ.

ಯಾವ ಪೆಟ್ಟಿಗೆ?

ಎಲ್ಲ ಶುರುವಾಗುವುದು ಮೂರು ಪ್ರಶ್ನೆಯಿಂದ. ಯಾವ ಐಸೋಟೋಪ್ (ಮೂಲವಸ್ತುವಿನ ಯಾವ ಬಗೆ), ಎಷ್ಟು ಬೆಕ್ವೆರೆಲ್ (ಸೆಕೆಂಡಿಗೆ ಎಷ್ಟು ಪರಮಾಣು ಒಡೆಯುತ್ತವೆ ಅನ್ನುವ ಅಳತೆ), ಯಾವ ರೂಪದಲ್ಲಿದೆ. ದ್ರವವೋ, ಘನವೋ, ಅನಿಲವೋ, ಅಥವಾ ಲೋಹದ ಕವಚದೊಳಗೆ ಮುಚ್ಚಿದ, ಪರೀಕ್ಷೆ ಮಾಡಿ ಪ್ರಮಾಣಪತ್ರ ಪಡೆದ ವಿಶೇಷ ರೂಪವೋ.

ಕೈಪಿಡಿಯಲ್ಲಿ ಪ್ರತಿ ಐಸೋಟೋಪ್‌ಗೂ ಎರಡು ಅಂಕಿ ಇರುತ್ತವೆ, ಎ1 ಮತ್ತು ಎ2. ವಿಶೇಷ ರೂಪಕ್ಕೆ ಎ1, ಉಳಿದದ್ದಕ್ಕೆಲ್ಲ ಎ2. ಈ ಅಂಕಿಗಳು ಸುಮ್ನೆ ಹುಟ್ಟಿದ್ದಲ್ಲ. ಪೆಟ್ಟಿಗೆ ಅಪಘಾತದಲ್ಲಿ ಹಾಳಾಗಿ, ಒಬ್ಬರು ಅರ್ಧ ಗಂಟೆ ಅದರ ಹತ್ತಿರವೇ ಇದ್ದರೂ ಅವರ ಮೈಗೆ ಸೇರುವ ವಿಕಿರಣ 50 ಮಿಲಿಸೀವರ್ಟ್ (ಮೈಗೆ ಸೇರುವ ವಿಕಿರಣದ ಅಳತೆ ಸೀವರ್ಟ್; ಮಿಲಿ ಅದರ ಸಾವಿರದಲ್ಲಿ ಒಂದು, ಮೈಕ್ರೋ ಹತ್ತು ಲಕ್ಷದಲ್ಲಿ ಒಂದು) ದಾಟಬಾರದು ಅನ್ನುವ ಲೆಕ್ಕದಿಂದ ಬಂದವು. ಒಳಗಿನ ವಸ್ತುವಿನ ಪ್ರಮಾಣ ಆ ಎ1 ಅಥವಾ ಎ2 ಅಂಕಿಯೊಳಗಿದ್ದರೆ ಟೈಪ್ ಎ ಪೆಟ್ಟಿಗೆ ಸಾಕು. ಮೀರಿದರೆ ಟೈಪ್ ಬಿ ಬೇಕು. ಅದು 9 ಮೀಟರ್ ಎತ್ತರದಿಂದ ಬಿದ್ದು, ಆಮೇಲೆ 800 ಡಿಗ್ರಿ ಬೆಂಕಿಯಲ್ಲಿ 30 ನಿಮಿಷ ನಿಂತು ತಡೆಯಬೇಕಾದ ಪೆಟ್ಟಿಗೆ. ಆಸ್ಪತ್ರೆಗೆ ಹೋಗುವ ಬಹುಪಾಲು ಔಷಧಿಗೆ ಟೈಪ್ ಎ ಸಾಕಾಗುತ್ತದೆ.

ಒಂದು ಲೆಕ್ಕ ಮಾಡೋಣ. ಮೆಗಾ ಅಂದರೆ ಹತ್ತು ಲಕ್ಷ, ಗಿಗಾ ನೂರು ಕೋಟಿ, ಟೆರಾ ಗಿಗಾದ ಸಾವಿರ ಪಟ್ಟು. ಥೈರಾಯ್ಡ್ ಚಿಕಿತ್ಸೆಗೆ 3.7 ಗಿಗಾಬೆಕ್ವೆರೆಲ್ ಅಯೋಡಿನ್-131 ದ್ರಾವಣ ಕೇಳಿದ್ದಾರೆ. ಗುರುವಾರ ಮಧ್ಯಾಹ್ನ 12 ಗಂಟೆಗೆ ಅಷ್ಟಿರಬೇಕು. ನೀವು ಕಟ್ಟುತ್ತಿರುವುದು ಮಂಗಳವಾರ ಮಧ್ಯಾಹ್ನ. ಅಯೋಡಿನ್-131ರ ಅರ್ಧಾಯು, ಅಂದರೆ ಅರ್ಧಕ್ಕೆ ಇಳಿಯಲು ಬೇಕಾದ ಸಮಯ, 8 ದಿನ. ಹಾಗಾಗಿ ಈಗ ಬಾಟಲಿಯಲ್ಲಿರುವುದು 4.4 ಗಿಗಾಬೆಕ್ವೆರೆಲ್. ಕಾಗದದಲ್ಲೂ ಲೇಬಲ್‌ನಲ್ಲೂ ಬರೆಯಬೇಕಾದದ್ದು ಈ 4.4. ಸಾಗಣೆಯ ಹೊತ್ತಿನಲ್ಲಿ ಇರುವ ಅತಿ ಹೆಚ್ಚಿನ ಪ್ರಮಾಣವನ್ನೇ ನಿಯಮ ಕೇಳುತ್ತದೆ. ಆರ್ಡರ್ ಚೀಟಿಯಲ್ಲಿ ಕಾಣುವ ಅಂಕಿಯನ್ನು ಹಾಗೇ ಇಳಿಸಿಕೊಳ್ಳುವುದು ಹೊಸಬರು ಮಾಡುವ ಮೊದಲ ತಪ್ಪು. ಪೆಟ್ಟಿಗೆ ಎತ್ತುವವರಿಗೆ ಗುರುವಾರದ ಅಂಕಿ ಕಟ್ಟಿಕೊಂಡು ಏನಾಗಬೇಕು? ಅವರು ಎತ್ತುವುದು ಇವತ್ತು.

ಅಯೋಡಿನ್-131ರ ಎ2 ಬೆಲೆ 0.7 ಟೆರಾಬೆಕ್ವೆರೆಲ್, ಅಂದರೆ 700 ಗಿಗಾಬೆಕ್ವೆರೆಲ್. 4.4 ಅದಕ್ಕಿಂತ ಎಷ್ಟೋ ಕಡಿಮೆ. ಟೈಪ್ ಎ ಸಾಕು. ಇನ್ನೂ ಹಗುರವಾದ, ಲೇಬಲ್ ಗೋಜು ಕಡಿಮೆ ಇರುವ 'ಎಕ್ಸೆಪ್ಟೆಡ್ ಪ್ಯಾಕೇಜ್' ಆಗಬಹುದಾ? ದ್ರವಕ್ಕೆ ಅದರ ಮಿತಿ ಎ2ರ ಹತ್ತು ಸಾವಿರದಲ್ಲಿ ಒಂದು ಭಾಗ. ಇಲ್ಲಿ ಅದು 70 ಮೆಗಾಬೆಕ್ವೆರೆಲ್. ನಮ್ಮದು ಅದನ್ನು ಎಂದೋ ದಾಟಿದೆ. ಹಾಗಾಗಿ ಯುಎನ್ 2915 (ಅಪಾಯಕಾರಿ ಸರಕಿಗೆ ವಿಶ್ವಸಂಸ್ಥೆ ಕೊಟ್ಟಿರುವ ಗುರುತಿನ ಸಂಖ್ಯೆ), ಟೈಪ್ ಎ ಪ್ಯಾಕೇಜ್.

ಅದೇ ಸಂಶೋಧನಾಲಯಕ್ಕೆ ಹೋಗುವ ಒಂದು ಚಿಕ್ಕ ಬಾಟಲಿ ಫಾಸ್ಫರಸ್-32 ದ್ರಾವಣ ನೋಡಿ. ಅದರ ಎ2 0.5 ಟೆರಾಬೆಕ್ವೆರೆಲ್, ದ್ರವದ ಎಕ್ಸೆಪ್ಟೆಡ್ ಮಿತಿ 50 ಮೆಗಾಬೆಕ್ವೆರೆಲ್. 9 ಮೆಗಾಬೆಕ್ವೆರೆಲ್ ಕಳಿಸುತ್ತಿದ್ದರೆ, ಪೆಟ್ಟಿಗೆಯ ಮೈ ಮೇಲೆ ಎಲ್ಲೂ ಗಂಟೆಗೆ 5 ಮೈಕ್ರೋಸೀವರ್ಟ್ ದಾಟದಿದ್ದರೆ, ಯುಎನ್ 2910 ಆಗಿ ಹೋಗುತ್ತದೆ. ಅದಕ್ಕೆ ಸರಕು ಕಳಿಸುವವರ ಘೋಷಣಾ ಪತ್ರ ಬೇಕಿಲ್ಲ. ವಿಮಾನದ ಸರಕು ಚೀಟಿ ಏರ್ ವೇಬಿಲ್‌ನಲ್ಲಿ ವಿವರ ಬರೆದು, ಕೆಂಪು ಗೀಟಿನ ಅಂಚಿರುವ ಎಕ್ಸೆಪ್ಟೆಡ್ ಲೇಬಲ್ ಅಂಟಿಸಿದರೆ ಆಯಿತು. ಆದರೆ ಫಾಸ್ಫರಸ್ ಬೆರೆತ ರಾಸಾಯನಿಕಗಳು ಎಷ್ಟೋ ಸಲ ಡ್ರೈ ಐಸ್‌ನಲ್ಲಿ ಹೋಗುತ್ತವೆ, ಅಲ್ವಾ? ಡ್ರೈ ಐಸ್ ಅಂದರೆ ಗಟ್ಟಿಯಾದ ಇಂಗಾಲದ ಡೈಆಕ್ಸೈಡ್. ಅದು ತಾನೇ ಒಂದು ಅಪಾಯಕಾರಿ ಸರಕು, ಯುಎನ್ 1845, ಒಂಬತ್ತನೇ ವರ್ಗ. ಅದರ ತೂಕವನ್ನು ಕಿಲೋದಲ್ಲಿ ಪೆಟ್ಟಿಗೆ ಮೇಲೆ ಬರೆಯಬೇಕು. ಅನಿಲ ಹೊರಹೋಗಲು ದಾರಿ ಇರಬೇಕು. ವಿಕಿರಣದ ಪೆಟ್ಟಿಗೆ ಅಂತ ಎಲ್ಲ ಕಡೆ ಟೇಪ್ ಬಿಗಿದು ಗಾಳಿಯಾಡದಂತೆ ಮಾಡಿದರೆ ಒಳಗೆ ಒತ್ತಡ ಏರಿ ಪೆಟ್ಟಿಗೆ ಬಿರಿಯುತ್ತದೆ.

ಗಡ್ಡೆಗೆ ಹತ್ತಿರದಿಂದ ವಿಕಿರಣ ಕೊಡುವ ಇರಿಡಿಯಂ-192 ಮೂಲ ಸಾಮಾನ್ಯವಾಗಿ 370 ಗಿಗಾಬೆಕ್ವೆರೆಲ್ ಇರುತ್ತದೆ. ಕೇಳಿದರೆ ಭಯ ಆಗುವ ಅಂಕಿ. ಆದರೆ ವಿಶೇಷ ರೂಪದ ಪ್ರಮಾಣಪತ್ರ ಇದ್ದರೆ ಅದಕ್ಕೆ ಎ1 ಬೆಲೆ 1 ಟೆರಾಬೆಕ್ವೆರೆಲ್. ಅದೂ ಟೈಪ್ ಎ ಒಳಗೇ, ಯುಎನ್ 3332 ಆಗಿ ಹೋಗುತ್ತದೆ. ಪ್ರಮಾಣಪತ್ರದ ಅವಧಿ ಮುಗಿದಿಲ್ಲ ಅಂತ ಮಾತ್ರ ನೋಡಿಕೊಳ್ಳಿ.

ಕಟ್ಟುವಾಗ

ಟೈಪ್ ಎ ಅನ್ನುವುದು ಬರೀ ರಟ್ಟಿನ ಡಬ್ಬಿಯ ಹೆಸರಲ್ಲ. ಒಳಗಿನ ಬಾಟಲಿ, ಸೀಸದ ಡಬ್ಬಿ, ಹೀರುವ ಹತ್ತಿ, ಸ್ಪಂಜು, ಹೊರಗಿನ ರಟ್ಟು, ಟೇಪ್ ಎಲ್ಲ ಸೇರಿದ ಇಡೀ ಜೋಡಣೆ ಪರೀಕ್ಷೆಯಲ್ಲಿ ಪಾಸಾಗಿರುತ್ತದೆ. ಗಂಟೆಗೆ 5 ಸೆಂಟಿಮೀಟರಿನಂಥ ಮಳೆಯಲ್ಲಿ ಒಂದು ಗಂಟೆ ನೆನೆಸಿ, 1.2 ಮೀಟರ್ ಎತ್ತರದಿಂದ ಬೀಳಿಸಿ, ತನ್ನ ತೂಕದ ಐದು ಪಟ್ಟು ಭಾರವನ್ನು 24 ಗಂಟೆ ಹೊರಿಸಿ, 6 ಕಿಲೋದ ಕಬ್ಬಿಣದ ಸಲಾಕೆಯನ್ನು 1 ಮೀಟರ್ ಮೇಲಿಂದ ಬಿಟ್ಟು ನೋಡಿರುತ್ತಾರೆ. ಒಳಗೆ ದ್ರವ ಇದ್ದರೆ ಇನ್ನೂ ಕಠಿಣ. ಬೀಳಿಸುವ ಎತ್ತರ 9 ಮೀಟರ್ ಆಗುತ್ತದೆ, ಸಲಾಕೆ 1.7 ಮೀಟರಿನಿಂದ ಬರುತ್ತದೆ. ವಿಮಾನಕ್ಕೆ ಅಂತಲೇ ಬೇರೆ ಷರತ್ತುಗಳಿವೆ. ಮೈನಸ್ 40ರಿಂದ 55 ಡಿಗ್ರಿವರೆಗೆ ಸೋರಬಾರದು. ಹೊರಗಿನ ಗಾಳಿಯ ಒತ್ತಡ ಬಿದ್ದುಹೋದರೂ ಒಳಗಿನ ದ್ರವ ಒಳಗೇ ಇರಬೇಕು, 95 ಕಿಲೋಪ್ಯಾಸ್ಕಲ್ ವ್ಯತ್ಯಾಸ ತಡೆಯಬೇಕು.

ಆದ್ದರಿಂದ ಸ್ಪಂಜು ಮುಗಿಯಿತು ಅಂತ ಬೇರೆ ಸ್ಪಂಜು ತುರುಕಬೇಡಿ. ಟೇಪ್ ಬೇರೆ ಬ್ರ್ಯಾಂಡ್ ಬಂತು ಅಂತ ಅದನ್ನೇ ಸುತ್ತಬೇಡಿ. ಹಾಗೆ ಮಾಡಿದ ಕ್ಷಣ ಅದು ಪರೀಕ್ಷೆ ಮಾಡಿದ ಪೆಟ್ಟಿಗೆ ಅಲ್ಲ. ಪೆಟ್ಟಿಗೆಯ ಮೇಲೆ 'ಟೈಪ್ ಎ' ಅಂತ ಅಚ್ಚಾಗಿರುತ್ತದೆ, ಆದರೆ ಆ ಅಚ್ಚು ಈಗ ಸುಳ್ಳು. ನಮ್ಮಲ್ಲಿ ಪ್ರತಿ ಮಾದರಿಯ ಪೆಟ್ಟಿಗೆಗೂ ಒಂದು ಹಾಳೆ ಗೋಡೆಯ ಮೇಲಿದೆ. ಯಾವ ಟೇಪ್, ಎಷ್ಟು ಸುತ್ತು, ಸ್ಪಂಜಿನ ಯಾವ ಕಡೆ ಮೇಲೆ, ಎಲ್ಲ ಚಿತ್ರದ ಸಮೇತ.

ಕಟ್ಟುವ ಕ್ರಮ ಹೀಗೆ. ಬಾಟಲಿಯ ಅಲ್ಯೂಮಿನಿಯಂ ಮುಚ್ಚಳ ತಿರುಗುತ್ತಾ ನೋಡಿ. ತಿರುಗಿದರೆ ಅದು ಸರಿಯಾಗಿ ಕೂತಿಲ್ಲ, ವಾಪಸ್ ಕಳಿಸಿ. ಬಾಟಲಿ ಸೀಸದ ಡಬ್ಬಿಗೆ ಹೋಗುತ್ತದೆ. ದ್ರವ ಎಷ್ಟಿದೆಯೋ ಅದರ ಎರಡು ಪಟ್ಟು ಹೀರುವಷ್ಟು ಹತ್ತಿ ಇಡಬೇಕು, ಇಲ್ಲದಿದ್ದರೆ ದ್ರವಕ್ಕೆ ಒಂದರೊಳಗೊಂದು ಎರಡು ಭದ್ರ ಪಾತ್ರೆ ಇರಬೇಕು. ಆಮೇಲೆ ತಗಡಿನ ಡಬ್ಬ, ಸ್ಪಂಜು, ಹೊರ ಪೆಟ್ಟಿಗೆ. ಕೊನೆಗೆ ಸೀಲ್. ದಾರಿಯಲ್ಲಿ ಯಾರೂ ತೆರೆದಿಲ್ಲ ಅನ್ನುವುದು ಅದನ್ನು ನೋಡಿದರೆ ಗೊತ್ತಾಗಬೇಕು.

ಒಂದು ಅಭ್ಯಾಸವನ್ನು ಇವತ್ತಿನಿಂದಲೇ ಮಾಡಿಕೊಳ್ಳಿ. ಸೀಸದ ಡಬ್ಬಿ ಮುಟ್ಟಿದ ಕೈಗವಸಿನಲ್ಲಿ ಹೊರ ಪೆಟ್ಟಿಗೆಯನ್ನು ಮುಟ್ಟಬೇಡಿ. ತಗಡಿನ ಡಬ್ಬ ಮುಚ್ಚಿದ ಕೂಡಲೇ ಕೈಗವಸು ತೆಗೆಯಿರಿ, ಕೈಯನ್ನು ಮೀಟರಿಗೆ ತೋರಿಸಿ, ಹೊಸದು ಹಾಕಿಕೊಂಡು ಮುಂದುವರಿಯಿರಿ. ಪೆಟ್ಟಿಗೆಯ ಹೊರಮೈಗೆ ವಿಕಿರಣಶೀಲ ಕೊಳೆ ಅಂಟಿದೆ ಅಂತ ನಾವು ಹಿಡಿದ ಪ್ರಸಂಗಗಳಲ್ಲಿ ಬಾಟಲಿ ಸೋರಿದ್ದು ಒಂದೂ ಇಲ್ಲ. ಎಲ್ಲವೂ ಕೈಗವಸಿನಿಂದ ಬಂದದ್ದು.

ಒರೆಸಿ ನೋಡುವುದು

ಹೊರಮೈ ಮೇಲೆ ಅಂಟಿರುವ ವಿಕಿರಣಶೀಲ ಕೊಳೆ ಚದರ ಸೆಂಟಿಮೀಟರಿಗೆ 4 ಬೆಕ್ವೆರೆಲ್ ಮೀರಬಾರದು. ಇದು ಬೀಟಾ, ಗಾಮಾ ಬಗೆಯ ವಿಕಿರಣ ಕೊಡುವ ವಸ್ತುಗಳಿಗೆ ಮತ್ತು ಆಲ್ಫಾ ವಿಕಿರಣ ಕೊಡುವವುಗಳಲ್ಲಿ ಕಡಿಮೆ ವಿಷದವುಗಳಿಗೆ. ಉಳಿದ ಆಲ್ಫಾಗಳಿಗೆ 0.4. ಒಂದು ಫಿಲ್ಟರ್ ಪೇಪರ್ ತೆಗೆದುಕೊಂಡು ಸುಮಾರು 300 ಚದರ ಸೆಂಟಿಮೀಟರ್ ಜಾಗವನ್ನು ಹದವಾಗಿ ಒತ್ತಿ ಒರೆಸಿ. ಸೀಲಿನ ಸುತ್ತ, ಮುಚ್ಚಳದ ಅಂಚು, ಹಿಡಿಕೆ, ತಳ. ಕೈ ಎಲ್ಲಿ ತಾಗುತ್ತದೋ ಅಲ್ಲಿ.

ಆಮೇಲೆ ಆ ಪೇಪರನ್ನು ವಿಕಿರಣ ಎಣಿಸುವ ಯಂತ್ರಕ್ಕೆ, ಅಂದರೆ ಕೌಂಟರಿಗೆ ಕೊಡಿ. ಹಿನ್ನೆಲೆ, ಅಂದರೆ ಸುತ್ತಲಿನ ಸಹಜ ವಿಕಿರಣದ ಎಣಿಕೆ, ಕಳೆದು ಸೆಕೆಂಡಿಗೆ 1.2 ಎಣಿಕೆ ಬಂತು, ಕೌಂಟರಿನ ದಕ್ಷತೆ ಶೇ. 20 ಅನ್ನಿ. ಪೇಪರಿನ ಮೇಲೆ 6 ಬೆಕ್ವೆರೆಲ್ ಇದೆ. ಒರೆಸಿದಾಗ ಹತ್ತರಲ್ಲಿ ಒಂದು ಪಾಲು ಮಾತ್ರ ಎದ್ದು ಬರುತ್ತದೆ ಅಂತ ಲೆಕ್ಕ ಹಿಡಿದರೆ ಪೆಟ್ಟಿಗೆ ಮೇಲಿರುವುದು 60. ಅದನ್ನು 300ರಿಂದ ಭಾಗಿಸಿದರೆ 0.2. ಮಿತಿಗಿಂತ ತುಂಬಾ ಕಡಿಮೆ, ನಿಯಮದ ಪ್ರಕಾರ ಪೆಟ್ಟಿಗೆ ಹೋಗಬಹುದು.

ಆದರೂ ನಾನು ಕಳಿಸುವುದಿಲ್ಲ. ಶುದ್ಧವಾಗಿ ಕಟ್ಟಿದ ಪೆಟ್ಟಿಗೆಯಲ್ಲಿ ಹಿನ್ನೆಲೆಗಿಂತ ಜಾಸ್ತಿ ಏನೂ ಬರಬಾರದು. ಬಂದಿದ್ದರೆ ಎಲ್ಲಿಂದ ಬಂತು ಅಂತ ಹುಡುಕುತ್ತೇನೆ. ಮೇಜು, ಟೇಪಿನ ಸುರುಳಿ, ಪೆನ್ನು. ಒಂದು ಸಲ ಟೇಪ್ ಕತ್ತರಿಸುವ ಉಪಕರಣದ ಹಿಡಿಯಲ್ಲಿ ಸಿಕ್ಕಿತು. ಅವತ್ತು ಬೆಳಗ್ಗಿನಿಂದ ಕಟ್ಟಿದ ಪೆಟ್ಟಿಗೆಗಳನ್ನೆಲ್ಲ ಮತ್ತೆ ಒರೆಸಿದೆವು.

ಅಳೆಯುವುದು

ನನಗೆ ಈ ಕೆಲಸದಲ್ಲಿ ತುಂಬಾ ಇಷ್ಟವಾದ ಭಾಗ ಇದು. ಅತಿ ಹೆಚ್ಚು ತಪ್ಪು ನಡೆಯುವುದೂ ಇಲ್ಲೇ.

ಮೀಟರಿನ ಬ್ಯಾಟರಿ ನೋಡಿ, ಕ್ಯಾಲಿಬ್ರೇಷನ್ ಚೀಟಿಯ ತಾರೀಖು ನೋಡಿ. ಗೊತ್ತಿರುವ ಚಿಕ್ಕ ಮೂಲವೊಂದನ್ನು ತೋರಿಸಿ, ದಿನಾ ಬರುವ ಅಂಕಿಯೇ ಬರುತ್ತಿದೆಯಾ ನೋಡಿ. ಬೇರೆ ಪೆಟ್ಟಿಗೆಗಳಿಂದ ದೂರ ಬನ್ನಿ. ಪಕ್ಕದಲ್ಲಿ ಇನ್ನೂ ನಾಲ್ಕು ಪೆಟ್ಟಿಗೆ ಇದ್ದರೆ ನೀವು ಅಳೆಯುವುದು ಐದನ್ನೂ ಸೇರಿಸಿ.

ಮೊದಲು ಮೈಗೆ ತಾಗಿಸಿ ಆರೂ ಮುಖಗಳನ್ನು ನಿಧಾನವಾಗಿ ಸವರಿ. ಆರನೆಯದು ತಳ. ಅದನ್ನು ಬಿಡುವವರೇ ಜಾಸ್ತಿ, ಪೆಟ್ಟಿಗೆ ಭಾರ, ಎತ್ತಲು ಬೇಜಾರು. ಆದರೆ ಎಷ್ಟೋ ಪೆಟ್ಟಿಗೆಗಳಲ್ಲಿ ಸೀಸದ ಡಬ್ಬಿ ತಳಕ್ಕೆ ಹತ್ತಿರ ಕೂತಿರುತ್ತದೆ, ಹೆಚ್ಚಿನ ಅಂಕಿ ಬರುವುದು ಅಲ್ಲೇ. ಪೆಟ್ಟಿಗೆ ಎತ್ತುವವರ ಅಂಗೈ ಇರುವುದೂ ತಳದಲ್ಲೇ. ನಾವು ನಡುವೆ ತೂತಿರುವ ಒಂದು ಮರದ ಸ್ಟೂಲ್ ಮಾಡಿಸಿಕೊಂಡಿದ್ದೇವೆ. ಪೆಟ್ಟಿಗೆ ಮೇಲಿಟ್ಟು ಕೆಳಗಿನಿಂದ ಮೀಟರ್ ಹಿಡಿಯುತ್ತೇವೆ.

ಆಮೇಲೆ 1 ಮೀಟರ್ ದೂರದ ಅಳತೆ. ಪೆಟ್ಟಿಗೆಯ ಮಧ್ಯದಿಂದ ಅಲ್ಲ, ಹೊರಮೈಯಿಂದ 1 ಮೀಟರ್. ಕಣ್ಣಂದಾಜು ಬೇಡ. ನನ್ನ ಮೀಟರಿಗೆ ಸರಿಯಾಗಿ ಕತ್ತರಿಸಿದ ಒಂದು ತೆಳು ಕೋಲು ಕಟ್ಟಿದ್ದೇನೆ. ಕೋಲಿನ ತುದಿ ಪೆಟ್ಟಿಗೆಗೆ ತಾಗಿದರೆ ದೂರ ಸರಿ ಅಂತ. ಪೆಟ್ಟಿಗೆಯ ಸುತ್ತ ನಡೆದು, ಎಲ್ಲಿ ಹೆಚ್ಚು ಬರುತ್ತದೋ ಅಲ್ಲಿ ನಿಂತು, ಮುಳ್ಳು ನೆಲೆಗೊಳ್ಳುವವರೆಗೂ ಕಾಯಬೇಕು.

ಈ 1 ಮೀಟರಿನ ಅಂಕಿಯಿಂದ ಟ್ರಾನ್ಸ್‌ಪೋರ್ಟ್ ಇಂಡೆಕ್ಸ್, ನಮ್ಮ ಬಾಯಲ್ಲಿ ಟಿಐ, ಬರುತ್ತದೆ. ಗಂಟೆಗೆ ಎಷ್ಟು ಮೈಕ್ರೋಸೀವರ್ಟ್ ಬಂತೋ ಅದನ್ನು 10ರಿಂದ ಭಾಗಿಸಿ, ಒಂದು ದಶಮಾಂಶಕ್ಕೆ ಮೇಲಕ್ಕೆ ಸರಿಸಿ. ಯಾವಾಗಲೂ ಮೇಲಕ್ಕೆ. 4.3 ಬಂದರೆ 0.43, ಟಿಐ 0.5. ಲೆಕ್ಕದ ಬೆಲೆ 0.05 ಅಥವಾ ಕಡಿಮೆ ಇದ್ದರೆ ಮಾತ್ರ ಸೊನ್ನೆ ಅನ್ನಬಹುದು.

ಲೇಬಲ್ ಮೂರು ಬಗೆ. ಬಿಳಿ ಒಂದು: ಮೈ ಮೇಲೆ ಗಂಟೆಗೆ 5 ಮೈಕ್ರೋಸೀವರ್ಟ್‌ವರೆಗೆ, ಟಿಐ ಸೊನ್ನೆ. ಎತ್ತರದಲ್ಲಿ ಹಾರುವ ವಿಮಾನದೊಳಗೆ ಬಾಹ್ಯಾಕಾಶದಿಂದಲೂ ಗಂಟೆಗೆ ಕೆಲವು ಮೈಕ್ರೋಸೀವರ್ಟ್ ಬರುತ್ತಲೇ ಇರುತ್ತದೆ. ಅದಕ್ಕೆ ಹೋಲಿಸಿದರೆ ಈ ಅಂಕಿ ಎಷ್ಟು ಚಿಕ್ಕದು ಅಂತ ಗೊತ್ತಾಗುತ್ತದೆ. ಹಳದಿ ಎರಡು: ಮೈ ಮೇಲೆ 500ರವರೆಗೆ, ಟಿಐ 1ರವರೆಗೆ. ಹಳದಿ ಮೂರು: ಮೈ ಮೇಲೆ 2000ದವರೆಗೆ, ಟಿಐ 10ರವರೆಗೆ. ಎರಡು ಅಳತೆ ಎರಡು ಬೇರೆ ಲೇಬಲ್ ತೋರಿಸಿದರೆ ದೊಡ್ಡದನ್ನೇ ಅಂಟಿಸಬೇಕು.

ಇದು ಯಾಕೆ ಮುಖ್ಯ ಅಂತ ಒಂದು ಪೆಟ್ಟಿಗೆಯಲ್ಲಿ ತೋರಿಸುತ್ತೇನೆ. ಮೈ ಮೇಲೆ 420 ಬಂದಿದೆ. ನೋಡಿದ ತಕ್ಷಣ ಹಳದಿ ಎರಡು ಅನಿಸುತ್ತದೆ. 1 ಮೀಟರಿನಲ್ಲಿ 10.3. ಭಾಗಿಸಿದರೆ 1.03. ಇಲ್ಲಿ ಕೈ ತಾನಾಗಿಯೇ 1.0 ಅಂತ ಬರೆಯಲು ಹೋಗುತ್ತದೆ, ಶಾಲೆಯಲ್ಲಿ ಕಲಿತದ್ದು ಹಾಗೇ ಅಲ್ವಾ? ಆದರೆ ನಿಯಮದ ಪ್ರಕಾರ ಅದು 1.1. ಹಾಗಾದಾಗ ಲೇಬಲ್ ಹಳದಿ ಮೂರು. ಅಂಕಿಯಲ್ಲಿ ಕೂದಲೆಳೆಯ ವ್ಯತ್ಯಾಸ. ಗೋದಾಮಿನವರು ಆ ಪೆಟ್ಟಿಗೆಯನ್ನು ಎಲ್ಲಿಡಬೇಕು, ಎಷ್ಟು ಹೊತ್ತು ಪಕ್ಕದಲ್ಲಿ ಕೂರಬಹುದು ಅಂತ ತೀರ್ಮಾನ ಮಾಡುವುದು ಆ ಲೇಬಲ್ ನೋಡಿಯೇ.

ವಿಮಾನದಲ್ಲಿ ಟಿಐ ಇನ್ನೂ ಕೆಲಸ ಮಾಡುತ್ತದೆ. ಒಂದು ಪ್ರಯಾಣಿಕರ ವಿಮಾನದಲ್ಲಿ ಎಲ್ಲ ಪೆಟ್ಟಿಗೆಗಳ ಟಿಐ ಒಟ್ಟು 50 ಮೀರಬಾರದು, ಸರಕು ವಿಮಾನದಲ್ಲಿ 200. ಲೋಡ್ ಮಾಡುವವರು ಪೆಟ್ಟಿಗೆಯ ಮೇಲ್ಭಾಗಕ್ಕೂ ಪ್ರಯಾಣಿಕರು ಕೂರುವ ನೆಲಕ್ಕೂ ನಡುವೆ ಎಷ್ಟು ಅಂತರ ಬಿಡಬೇಕು ಅಂತ ಒಂದು ಕೋಷ್ಟಕ ನೋಡುತ್ತಾರೆ. ಟಿಐ 1ರವರೆಗೆ 30 ಸೆಂಟಿಮೀಟರ್, 2ರವರೆಗೆ 50, 3ರವರೆಗೆ 70, 5ರವರೆಗೆ 1 ಮೀಟರ್, ಹೀಗೆ ಏರುತ್ತದೆ. ನೀವು ಟಿಐ ಕಡಿಮೆ ಬರೆದರೆ, ಮೇಲೆ ಸೀಟಿನಲ್ಲಿ ಕೂತವರಿಗೆ ಪೆಟ್ಟಿಗೆ ಅಷ್ಟು ಹತ್ತಿರ ಬಂದಂತೆ. ಕಾಲ ಕೆಳಗೆ ಪೆಟ್ಟಿಗೆ ಇದೆ ಅಂತ ಅವರಿಗೆ ಗೊತ್ತೂ ಇರುವುದಿಲ್ಲ.

ಬರೆಯುವುದು

ಲೇಬಲ್ ಎದುರುಬದುರಿನ ಎರಡು ಮುಖಗಳ ಮೇಲೆ ಬೇಕು. ಐಸೋಟೋಪ್, ಬೆಕ್ವೆರೆಲ್, ಹಳದಿಯಾದರೆ ಟಿಐ ಕೂಡ. ನೀರಿಗೆ ಹರಡದ ಶಾಯಿಯಲ್ಲಿ ಬರೆಯಿರಿ. ರನ್‌ವೇ ಪಕ್ಕ ಮಳೆಯಲ್ಲಿ ಪೆಟ್ಟಿಗೆ ನಿಲ್ಲುವುದುಂಟು. ಮೆಗಾಗೆ ದೊಡ್ಡ ಎಂ, ಮಿಲಿಗೆ ಸಣ್ಣ ಎಂ. ಈ ಒಂದು ಅಕ್ಷರ ತಪ್ಪಿದರೆ ಪ್ರಮಾಣ ನೂರು ಕೋಟಿ ಪಟ್ಟು ಬದಲಾಗುತ್ತದೆ. ಪೆಟ್ಟಿಗೆಯ ಮೇಲೆ ಯುಎನ್ ಸಂಖ್ಯೆ, ಸರಕಿನ ಅಧಿಕೃತ ಹೆಸರು, ಕಳಿಸುವವರ ಮತ್ತು ಪಡೆಯುವವರ ವಿಳಾಸ ಇರಬೇಕು. 50 ಕಿಲೋ ಮೀರಿದರೆ ಒಟ್ಟು ತೂಕವೂ ಇರಬೇಕು.

ಕೆಂಪು ಗೀಟಿನ ಅಂಚಿರುವ ಘೋಷಣಾ ಪತ್ರದಲ್ಲಿ ಇದೇ ವಿವರಗಳು ಮತ್ತೆ ಬರುತ್ತವೆ. ಜೊತೆಗೆ ವಸ್ತುವಿನ ಭೌತಿಕ ಮತ್ತು ರಾಸಾಯನಿಕ ರೂಪ, ಲೇಬಲಿನ ವರ್ಗ, ಪೆಟ್ಟಿಗೆಯ ಅಳತೆ. ಲೇಬಲ್ ಮತ್ತು ಪತ್ರ ಅಕ್ಷರ ಅಕ್ಷರವೂ ಹೊಂದಬೇಕು.

ಇದನ್ನು ನಾನು ಕಷ್ಟಪಟ್ಟು ಕಲಿತೆ. ನಾಲ್ಕನೇ ವರ್ಷ ಇರಬೇಕು. ಒಂದು ಆಸ್ಪತ್ರೆಗೆ ಮಾಲಿಬ್ಡಿನಂ-ಟೆಕ್ನೀಷಿಯಂ ಜನರೇಟರ್ ಹೊರಟಿತ್ತು. ಟಿಐ 0.8. ಲೇಬಲ್ ಮೇಲೆ ಸರಿಯಾಗಿ ಬರೆದಿದ್ದೆ. ಪತ್ರದಲ್ಲಿ ನಾನು ಅವಸರದಲ್ಲಿ ಬರೆದ 8ರ ಎಡ ಮಗ್ಗುಲು ಮುಚ್ಚಿಕೊಂಡಿರಲಿಲ್ಲ, 3ರಂತೆ ಕಾಣುತ್ತಿತ್ತು. ಕೌಂಟರಿನಲ್ಲಿದ್ದವರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು, ಹೊಂದಲಿಲ್ಲ, ಪೆಟ್ಟಿಗೆ ನಿಲ್ಲಿಸಿದರು. ಅವರು ಮಾಡಿದ್ದು ಸರಿ. ಯಾವುದು ನಿಜ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ನಾನು ಹೊಸ ಪತ್ರ ತೆಗೆದುಕೊಂಡು ಹೋಗುವಷ್ಟರಲ್ಲಿ ವಿಮಾನ ಹೊರಟಿತ್ತು. ಮುಂದಿನದು 24 ಗಂಟೆ ನಂತರ. ಮಾಲಿಬ್ಡಿನಂ-99ರ ಅರ್ಧಾಯು 66 ಗಂಟೆ. ಒಂದು ದಿನಕ್ಕೆ ಶೇ. 22 ಹೋಯಿತು. ಆ ಆಸ್ಪತ್ರೆಯಲ್ಲಿ ಮೂಳೆ ಸ್ಕ್ಯಾನ್‌ಗೆ, ಹೃದಯದ ಸ್ಕ್ಯಾನ್‌ಗೆ ಹೆಸರು ಬರೆಸಿದ್ದವರಲ್ಲಿ ಕೊನೆಯ ಕೆಲವರನ್ನು ಇನ್ನೊಂದು ದಿನ ಬನ್ನಿ ಅಂತ ಕಳಿಸಬೇಕಾಯಿತು. ಅವರಲ್ಲಿ ಒಬ್ಬರು ಬೆಳಗ್ಗಿನಿಂದ ಉಪವಾಸ ಇದ್ದರು ಅಂತ ಅಲ್ಲಿಯ ಟೆಕ್ನಿಷಿಯನ್ ಫೋನಿನಲ್ಲಿ ಹೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ.

ಆಮೇಲೆ ಒಂದು ಪದ್ಧತಿ ಮಾಡಿಕೊಂಡೆ. ಪತ್ರವನ್ನು ಕೈಯಲ್ಲಿ ಬರೆಯುವುದಿಲ್ಲ, ಮುದ್ರಿಸುತ್ತೇನೆ. ಪೆಟ್ಟಿಗೆ ಹೊರಡುವ ಮುನ್ನ ಅದನ್ನು ಕಟ್ಟದ ಇನ್ನೊಬ್ಬರು ಲೇಬಲನ್ನು ಜೋರಾಗಿ ಓದುತ್ತಾರೆ, ನಾನು ಪತ್ರದ ಮೇಲೆ ಬೆರಳಿಟ್ಟು ನೋಡುತ್ತೇನೆ. ಎರಡು ನಿಮಿಷದ ಕೆಲಸ. ಕಟ್ಟಿದವರ ಕಣ್ಣು ತಾನು ಬರೆಯಬೇಕೆಂದಿದ್ದನ್ನು ಓದುತ್ತದೆ, ಬರೆದದ್ದನ್ನಲ್ಲ. ಪತ್ರದ ಪ್ರತಿಯನ್ನು ಕನಿಷ್ಠ ಮೂರು ತಿಂಗಳು ಇಟ್ಟುಕೊಳ್ಳಬೇಕು. ನಾವು ಇನ್ನೂ ಹೆಚ್ಚು ಕಾಲ ಇಡುತ್ತೇವೆ.

ವಿಮಾನ ಹಿಡಿಯುವುದು

ಮಾಲಿಬ್ಡಿನಂ ಗಂಟೆಗೆ ಸುಮಾರು ಶೇ. 1ರಂತೆ ಕರಗುತ್ತದೆ. ಪೆಟ್ ಸ್ಕ್ಯಾನ್‌ನ ಫ್ಲೋರಿನ್-18 ಇನ್ನೂ ಅವಸರದ್ದು, 110 ನಿಮಿಷಕ್ಕೆ ಅರ್ಧ. ಮಾಲಿಬ್ಡಿನಂ ತಯಾರಾಗುವ ರಿಯಾಕ್ಟರ್‌ಗಳು ಬೆರಳೆಣಿಕೆಯಷ್ಟು. ನೆದರ್ಲೆಂಡ್ಸ್‌ನ ಪೆಟ್ಟೆನ್, ಬೆಲ್ಜಿಯಂ, ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ಹೀಗೆ. ಕೆನಡಾದ ಎನ್ಆರ್‌ಯು ರಿಯಾಕ್ಟರ್ ಅನ್ನು 2018ರಲ್ಲಿ ಮುಚ್ಚಿದರು. 2010ರಲ್ಲಿ ಐಸ್‌ಲೆಂಡಿನ ಜ್ವಾಲಾಮುಖಿಯ ಬೂದಿಯಿಂದ ಯುರೋಪಿನ ವಿಮಾನಗಳು ನಿಂತಾಗ ಐಸೋಟೋಪ್‌ಗಳಿಗೂ ಕಷ್ಟ ಬಂತು. ಗೋದಾಮಿನಲ್ಲಿ ದಾಸ್ತಾನು ಮಾಡಿ ಇಡುವ ವಸ್ತು ಇದಲ್ಲವಲ್ಲ.

ಹಾಗಾಗಿ ಬುಕಿಂಗ್ ಮೊದಲು, ಕಟ್ಟುವುದು ಆಮೇಲೆ. ನೇರ ವಿಮಾನ ಸಿಕ್ಕರೆ ಸ್ವಲ್ಪ ತಡವಾದರೂ ಅದೇ ಲೇಸು. ಪ್ರತಿ ಬದಲಾವಣೆಯಲ್ಲೂ ಹೊಸಬರ ಕೈ, ಹೊಸ ಪರಿಶೀಲನೆ, ಪೆಟ್ಟಿಗೆ ಉಳಿದುಬಿಡುವ ಹೊಸ ಅವಕಾಶ. ಆ ಊರಿನ ರಜೆ ಯಾವತ್ತು, ಕಸ್ಟಮ್ಸ್ ಕಚೇರಿ ಎಷ್ಟು ಗಂಟೆವರೆಗೆ ತೆರೆದಿರುತ್ತದೆ ಕೇಳಿ. ಪಡೆಯುವವರ ಪರವಾನಗಿಯ ಪ್ರತಿ ಕೈಯಲ್ಲಿ ಇಲ್ಲದೆ ಕಟ್ಟಲು ಶುರು ಮಾಡಬೇಡಿ. ಅದರಲ್ಲಿ ಆ ಐಸೋಟೋಪ್ ಇದೆಯಾ, ಅಷ್ಟು ಪ್ರಮಾಣಕ್ಕೆ ಅನುಮತಿ ಇದೆಯಾ ಓದಿ. ತುರ್ತು ಸಂಪರ್ಕದ ನಂಬರ್ ಕೊಡುವಾಗ ನಡುರಾತ್ರಿ ಎತ್ತುವವರ ನಂಬರ್ ಕೊಡಿ. ನಾನು ತಿಂಗಳಿಗೊಮ್ಮೆ ನಮ್ಮದೇ ನಂಬರಿಗೆ ರಾತ್ರಿ ಫೋನ್ ಮಾಡಿ ನೋಡುತ್ತೇನೆ.

ವಿಮಾನದ ಕ್ಯಾಪ್ಟನ್‌ಗೆ ಹೊರಡುವ ಮುನ್ನ ಲಿಖಿತ ಮಾಹಿತಿ ಹೋಗುತ್ತದೆ. ಯಾವ ಪೆಟ್ಟಿಗೆ, ಎಲ್ಲಿ ಇಟ್ಟಿದೆ, ಟಿಐ ಎಷ್ಟು. ಅವರು ಓದುವುದು ನಿಮ್ಮ ಪತ್ರದಿಂದ ಇಳಿಸಿಕೊಂಡ ಅಂಕಿಗಳನ್ನೇ.

ಏನಾದರೂ ಆದರೆ

ಪೆಟ್ಟಿಗೆ ಬಿದ್ದು ಜಜ್ಜಿಹೋದರೆ, ಒದ್ದೆಯಾಗಿ ಕಂಡರೆ, ಯಾರೂ ಮುಟ್ಟಬಾರದು. ಜನರನ್ನು ದೂರ ಸರಿಸಿ, ಮುಟ್ಟಿದವರನ್ನು ಬೇರೆಲ್ಲೂ ಹೋಗಲು ಬಿಡದೆ ಪೆಟ್ಟಿಗೆಯಿಂದ ದೂರ ಕೂರಿಸಿ, ಕೈ ಬಾಯಿಗೆ ಹೋಗದಂತೆ ನೋಡಿ, ಪತ್ರದಲ್ಲಿರುವ ನಂಬರಿಗೆ ಫೋನ್ ಮಾಡಬೇಕು. ಯಾರಿಗಾದರೂ ಪೆಟ್ಟಾಗಿದ್ದರೆ ಚಿಕಿತ್ಸೆ ಮೊದಲು, ವಿಕಿರಣದ ವಿಚಾರ ಆಮೇಲೆ. ಫೋನ್ ಎತ್ತಿದ ನೀವು ಮೊದಲು ಹೇಳಬೇಕಾದದ್ದು ಐಸೋಟೋಪ್ ಯಾವುದು, ದ್ರವವೋ ಘನವೋ, ಈಗ ಎಷ್ಟು ಉಳಿದಿದೆ. ಈ ಮೂರನ್ನೂ ನಾನು ಪ್ರತಿ ಪೆಟ್ಟಿಗೆಗೂ ಒಂದು ಚೀಟಿಯಲ್ಲಿ ಬರೆದು ಫೋನ್ ಪಕ್ಕ ಅಂಟಿಸಿರುತ್ತೇನೆ. ತಲುಪಿತು ಅಂತ ಉತ್ತರ ಬಂದ ಮೇಲೆ ಅದನ್ನು ಕಿತ್ತು ಕಡತಕ್ಕೆ ಸೇರಿಸುತ್ತೇನೆ.

ಖಾಲಿ ಪೆಟ್ಟಿಗೆ

ಬಳಸಿದ ಸೀಸದ ಡಬ್ಬಿಗಳು, ಜನರೇಟರಿನ ಖಾಲಿ ಕವಚಗಳು ವಾಪಸ್ ಬರುತ್ತವೆ. ಖಾಲಿ ಅಂದ ಮಾತ್ರಕ್ಕೆ ಹಾಗೇ ಕಳಿಸುವಂತಿಲ್ಲ. ಯುಎನ್ 2908 ಅಂತ ಗುರುತು ಬೇಕು, ಹೊರಮೈ ಮೇಲೆ ಗಂಟೆಗೆ 5 ಮೈಕ್ರೋಸೀವರ್ಟ್ ಮೀರಬಾರದು, ಒಳಗೆ ಅಂಟಿರುವ ಕೊಳೆ ಹೊರಗಿನ ಮಿತಿಯ ನೂರು ಪಟ್ಟಿಗಿಂತ ಹೆಚ್ಚಿರಬಾರದು. ಹಳೆಯ ಹಳದಿ ಲೇಬಲನ್ನು ಪೂರ್ತಿ ಕಿತ್ತುಬಿಡಿ, ಬರದಿದ್ದರೆ ವಿಕಿರಣದ ಮೂರೆಸಳಿನ ಗುರುತೂ ಕಾಣದಂತೆ ಮೇಲೆ ಕಾಗದ ಅಂಟಿಸಿ. ಹೋದ ತಿಂಗಳು ವಾಪಸ್ ಬಂದ ಒಂದು ಪೆಟ್ಟಿಗೆಯ ಮೇಲೆ ಹಳದಿ ಮೂರು ಹಾಗೇ ಇತ್ತು, ಒಳಗೆ ಏನೂ ಇರಲಿಲ್ಲ. ಅದನ್ನು ನಮ್ಮ ಬಾಗಿಲಿಗೆ ತಂದ ಹುಡುಗ ಎರಡು ಕೈ ಮುಂದೆ ಚಾಚಿ, ಮೈಯಿಂದ ಆದಷ್ಟು ದೂರ ಹಿಡಿದುಕೊಂಡು ಬಂದಿದ್ದ. ಅವನೆದುರೇ ಮೀಟರ್ ಹಿಡಿದು ತೋರಿಸಿದೆ, ಮುಳ್ಳು ಕದಲಲಿಲ್ಲ. ಆ ಲೇಬಲ್ ಕಿತ್ತ ಮೇಲೆ, ಪೆಟ್ಟಿಗೆ ಕಳಿಸಿದ ಕಡೆಗೆ ಒಂದು ಪತ್ರ ಬರೆದೆ.